ದಿನಕ್ಕೊಂದು ಪಜಲ್, ಪಕ್ಕದಲ್ಲಿ ನಾವು

ಎಲ್ಲರಿಗೂ ನಮಸ್ಕಾರ. ಮೊಬೈಲ್ ಪಜಲ್‌ಗಳಿಂದ ಮಕ್ಕಳಿಗೆ ನಿಜಕ್ಕೂ ಏನಾದರೂ ಬರುತ್ತದಾ, ಇಲ್ಲಾ ಅದೂ ಸುಮ್ನೆ ಸ್ಕ್ರೀನ್ ಟೈಮೇನಾ ಅಂತ ಪುಣೆಯ ನಮ್ಮ ಕನ್ನಡಿಗರ ಗುಂಪಿನಲ್ಲಿ ವಾಕಡ್‌ನ ಅಕ್ಕ ಒಬ್ಬರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವರದು ‘ಬೇಡವೇ ಬೇಡ’, ಉಳಿದವರದು ಆಪ್‌ಗಳ ಪಟ್ಟಿ. ಕೊಥ್ರೂಡ್‌ನ ನಮ್ಮ ಮನೆಯಲ್ಲಿ ಇವೆರಡೂ ನಡೆಯುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮಗು ಒಂದೇ ಕೂತು ಆಡಿದರೆ ಪಜಲ್‌ನಿಂದ ಬರುವುದು ಅಷ್ಟಕ್ಕಷ್ಟೇ. ಒಂದು ಊಹೆ ತಪ್ಪಿ ಇನ್ನೊಂದು ಹಾಕುವ ಮುಂಚೆ ಮನೆಯವರೆಲ್ಲ ಸೇರಿ ವಾದ ಮಾಡುತ್ತೇವಲ್ಲ, ಕಲಿಯುವುದು ಆಗ. ಆ ವಾದ ಕನ್ನಡದಲ್ಲೇ ನಡೆಯಬೇಕು ಅನ್ನುವುದು ನಮ್ಮ ಮನೆಯ ಒಂದೇ ಒಂದು ಕಾನೂನು. ಸ್ಕೂಲಲ್ಲಿ ಇಂಗ್ಲಿಷ್, ಮರಾಠಿ, ಕೆಳಗೆ ಆಡಲು ಹೋದರೆ ಹಿಂದಿ. ‘ಊಟ ಆಯ್ತಾ, ಸ್ನಾನ ಮಾಡು’ ಬಿಟ್ಟು ಬೇರೆ ವಿಷಯಕ್ಕೆ ಕನ್ನಡ ಬಳಸುವ ಸಂದರ್ಭವೇ ನಮ್ಮ ಮಕ್ಕಳಿಗೆ ಬರುವುದಿಲ್ಲ, ಅಲ್ವಾ?

ನಮ್ಮಲ್ಲಿ ಜಾಸ್ತಿ ಓಡುವುದು ವರ್ಲ್ಡಲ್. ಒಂದು ದೇಶದ ಆಕಾರ ತೋರಿಸಿ ಹೆಸರು ಕೇಳುತ್ತದೆ. ಆರು ಊಹೆ. ತಪ್ಪಿದಾಗಲೆಲ್ಲ ಸರಿಯಾದ ದೇಶ ಎಷ್ಟು ಕಿ.ಮೀ. ದೂರ, ಯಾವ ದಿಕ್ಕಿಗೆ, ಶೇಕಡ ಎಷ್ಟು ಹತ್ತಿರ ಬಂದಿರಿ ಅಂತ ಹೇಳುತ್ತದೆ. ಆಕಾರ ಏನೇ ಇರಲಿ, ಮೊದಲು ಭಾರತವನ್ನೇ ಹಾಕಬೇಕು ಅನ್ನುವುದು ಮೂರನೇ ಕ್ಲಾಸಿನ ನನ್ನ ಮಗನ ಹಟ. ಅದೂ ಒಳ್ಳೆಯದೇ ಆಯಿತು, ಅಳತೆ ಯಾವಾಗಲೂ ನಮ್ಮ ಕಡೆಯಿಂದಲೇ ಶುರು. ಉತ್ತರ ಮಡಗಾಸ್ಕರ್ ಇದ್ದ ದಿನ ಸುಮಾರು 5,600 ಕಿ.ಮೀ., ಬಾಣ ನೈಋತ್ಯಕ್ಕೆ, ಶೇಕಡ 72 ಅಂತ ಬಂತು. 72 ಎಲ್ಲಿಂದ ಬಂತು ಅಂತ ಮಗಳು ಪಟ್ಟು ಹಿಡಿದಳು. ಗ್ಲೋಬ್ ಇಳಿಸಿ ದಾರ ಸುತ್ತಿದೆವು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಇಲ್ಲಿಂದ ಎಷ್ಟೇ ದೂರ ಹೋದರೂ 20,000 ದಾಟುವುದಿಲ್ಲ, ಆಮೇಲೆ ಹತ್ತಿರ ಬರಲು ಶುರು. 20,000ದಲ್ಲಿ 5,600 ಅಂದರೆ ಶೇಕಡ 28. ನೂರರಲ್ಲಿ ಕಳೆದರೆ 72! ಆರನೇ ಕ್ಲಾಸಿನ ಶೇಕಡ ಪಾಠ ಪುಸ್ತಕ ತೆಗೆಯದೇ ಮುಗಿಯಿತು. ಮುಂದಿನ ಊಹೆ ಟಾಂಜಾನಿಯಾ. ಇನ್ನೂ 1,900 ಕಿ.ಮೀ., ಬಾಣ ಆಗ್ನೇಯಕ್ಕೆ. ‘ಅಲ್ಲಿ ಬರೀ ಸಮುದ್ರ ಇದೆ’ ಅಂದ ಮಗ. ಹಾಗಿದ್ದರೆ ದ್ವೀಪವೇ ಇರಬೇಕು ಅಂದಳು ಅಕ್ಕ.

ಒಂದು ವಿಷಯ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಆಕಾರಗಳನ್ನೆಲ್ಲ ಒಂದೇ ಅಳತೆಯ ಚೌಕದಲ್ಲಿ ಕೂರಿಸಿರುತ್ತಾರೆ. ರಷ್ಯಾ, ಮಾಲ್ಟಾ ಎರಡೂ ಒಂದೇ ಗಾತ್ರದಲ್ಲಿ ಕಾಣುತ್ತವೆ.

ಲೆಕ್ಕಕ್ಕೆ ನರ್ಡಲ್ ಇದೆ. ಎಂಟು ಮನೆಯಲ್ಲಿ ಒಂದು ಸಮೀಕರಣ ಕೂರಿಸಬೇಕು. 3+5×7=56 ಅಂತ ಹಾಕಿದರೆ ತೆಗೆದುಕೊಳ್ಳುವುದೇ ಇಲ್ಲ; 3+5×7=38 ಅಂದರೆ ಸರಿ. ಮೊದಲು ಗುಣಾಕಾರ, ಆಮೇಲೆ ಕೂಡುವುದು ಅಂತ ನಾನು ಗಂಟಲು ಹರಿದುಕೊಂಡರೂ ಆಗದ್ದು ಇದರಿಂದ ಆಯಿತು.

ಇದು ಮಕ್ಕಳಿಗೆ ಚಟವಾಗಿಬಿಟ್ಟರೆ ಅಂತ ಗುಂಪಿನ ಹಿಂಜವಡಿಯ ಅಣ್ಣ ಒಬ್ಬರ ಭಯ. ಸರಿಯಾದ ಭಯವೇ. ಅದಕ್ಕೇ ನಾನು ದಿನಕ್ಕೊಂದೇ ಕೊಡುವ ಪಜಲ್‌ಗಳನ್ನು ಆರಿಸಿಕೊಳ್ಳುತ್ತೇನೆ. ಈ ರೂಢಿ ಎಲ್ಲ ಕಡೆ ಹಬ್ಬಿದ್ದು ಐದಕ್ಷರದ ಇಂಗ್ಲಿಷ್ ಪದ ಊಹಿಸುವ ವರ್ಡಲ್‌ನಿಂದ. ಜೋಶ್ ವಾರ್ಡಲ್ ಅನ್ನುವ ಎಂಜಿನಿಯರ್ ತನ್ನ ಸಂಗಾತಿಗಾಗಿ ಮಾಡಿದ ಆಟ ಅದು. 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಿಟ್ಟರು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಅವತ್ತಿನದು ಮುಗಿದರೆ ಮುಗಿಯಿತು, ಹೊಸದು ಬರುವುದು ಮಾರನೇ ದಿನವೇ. ಲೆವೆಲ್ ಮೇಲೆ ಲೆವೆಲ್ ತೆರೆದುಕೊಳ್ಳುತ್ತಾ, ಮಧ್ಯೆ ಮಧ್ಯೆ ಜಾಹೀರಾತು ತೋರಿಸುವ ಆಟಗಳಿಗೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಸತತ ಎಷ್ಟು ದಿನ ಗೆದ್ದಿರಿ ಅಂತ ಲೆಕ್ಕ ಇಡುತ್ತವಲ್ಲ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಊರಿಗೆ ಹೋದಾಗ ಆ ಲೆಕ್ಕ ಮುರಿದರೆ ಮುರಿಯಲಿ.

ವರ್ಡಲ್ ಇಂಗ್ಲಿಷಿನದು. ಅದನ್ನು ಕನ್ನಡಕ್ಕೆ ಹೊಂದಿಸಿ ಹಾಳೆಯ ಮೇಲೆ ಆಡುತ್ತೇವೆ, ಮಕ್ಕಳಿಗೆ ಈಗ ಇದೇ ಹೆಚ್ಚು ಇಷ್ಟ. ಒಬ್ಬರು ಐದಕ್ಷರದ ಒಂದು ಜಿಲ್ಲೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಕಲಬುರಗಿ, ವಿಜಯಪುರ, ಬಾಗಲಕೋಟೆ, ದಾವಣಗೆರೆ, ಹೀಗೆ. ಅಕ್ಷರ, ಜಾಗ ಎರಡೂ ಸರಿ ಇದ್ದರೆ ಹಸಿರು. ಅಕ್ಷರ ಇದೆ, ಜಾಗ ಬೇರೆ ಅಂದರೆ ಹಳದಿ. ಇದರ ಜೊತೆಗೆ ನಾವು ನೀಲಿ ಸೇರಿಸಿಕೊಂಡಿದ್ದೇವೆ: ಆ ಅಕ್ಷರ ಎಲ್ಲೋ ಇದೆ, ಗುಣಿತ ಮಾತ್ರ ತಪ್ಪು. ಮನಸ್ಸಿನಲ್ಲಿ ಕಲಬುರಗಿ ಇದೆ ಅಂದುಕೊಳ್ಳಿ. ಮಗ ‘ದಾವಣಗೆರೆ’ ಬರೆದರೆ ‘ಗೆ’, ‘ರೆ’ ಎರಡಕ್ಕೂ ನೀಲಿ. ಅವನು ‘ಗ ಗಾ ಗಿ ಗೀ’ ಅಂತ ಬೆರಳು ಮಡಚುತ್ತಾ ಕೂರುತ್ತಾನೆ. ಮರಾಠಿ ಬಾರಾಖಡಿ ಸ್ಕೂಲಲ್ಲೇ ಬಂದಿದೆ, ಹಾಗಾಗಿ ಗುಣಿತ ಅಂದರೇನು ಅಂತ ಹೊಸದಾಗಿ ಹೇಳಿಕೊಡಬೇಕಿಲ್ಲ. ಲಿಪಿಯೊಂದು ಕೈಗೆ ಹತ್ತಬೇಕು. ಒತ್ತಕ್ಷರವನ್ನು ಒಂದೇ ಮನೆ ಅಂತ ಎಣಿಸುತ್ತೇವೆ, ಚಿತ್ರದುರ್ಗ ನಾಲ್ಕೇ ಮನೆ. ಅದಕ್ಕೆ ಮಗಳ ತಕರಾರು ಇನ್ನೂ ನಡೆದೇ ಇದೆ.

ಜಿಲ್ಲೆಗಳು ಬೇಗ ಖಾಲಿಯಾಗುತ್ತವೆ. ನಿಮ್ಮ ನಿಮ್ಮ ಕಡೆಯ ತಾಲ್ಲೂಕು, ಹೊಳೆ, ಬೆಟ್ಟಗಳಲ್ಲಿ ಐದಕ್ಷರದವು ಇದ್ದರೆ ಕೆಳಗೆ ಹಾಕಿ. ಕರಾವಳಿಯವರು ಜಾಸ್ತಿ ಹಾಕಿ, ನಮಗೆ ಆ ಕಡೆಯ ಹೆಸರುಗಳೇ ಕಮ್ಮಿ.