ಆಯಿಲ್ ಹಾಕ್ಸಿ ಐದು ತಿಂಗಳಾತು, ಸ್ಪ್ಯಾನರ್ ಲೈಟ್ ಮತ್ತೆ ಬಂತು. ಯಾರ ಮಾತು ಕೇಳ್ಬೇಕು?

ಭಟ್ಟಿ ಹುಡುಗ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ್ರಿ. ಕಾರು ಅಪ್ಪಾಜಿದು, ತಲೆನೋವು ನಂದು.

2021ರ ಜೂನ್‌ನಲ್ಲಿ ತಗೊಂಡ ಪೆಟ್ರೋಲ್ ಗಾಡಿ. ನಮ್ದು ಮಂಡಕ್ಕಿ ವ್ಯಾಪಾರ. ಮನೆಯಿಂದ ಭಟ್ಟಿಗೆ ಮೂರು ಕಿಲೋಮೀಟರ್. ಬೆಳಿಗ್ಗೆ ಹೋಗೋದು, ಮಧ್ಯಾಹ್ನ ಊಟಕ್ಕೆ ಬರೋದು, ಮತ್ತೆ ಹೋಗೋದು, ರಾತ್ರಿ ವಾಪಸ್. ಅಷ್ಟೇ ಆ ಕಾರಿನ ಪ್ರಪಂಚ. ಊರು ದಾಟೋದು ಮದುವೆ ಇದ್ರೆ, ಇಲ್ಲಾ ಜಾತ್ರೆ ಇದ್ರೆ.

2024ರ ಜೂನ್‌ನಲ್ಲಿ ಕಂಪನಿ ಸರ್ವೀಸ್ ಮಾಡ್ಸಿದ್ವಿ, ಆಗ ಮೀಟರ್ 31,400. ಮುಂದಿನ ಜನವರಿಯಲ್ಲಿ ಸಂಕ್ರಾಂತಿಗೆ ಕೂಡಲಸಂಗಮಕ್ಕೆ ಹೋಗೋದಿತ್ತು. ದೂರದ ದಾರಿ ಅಂತ ನಮ್ಮ ಓಣಿ ಮೆಕ್ಯಾನಿಕ್ ಹತ್ರ ಆಯಿಲ್, ಫಿಲ್ಟರ್ ಎರಡೂ ಬದಲಿಸಿದ್ವಿ. ಮೀಟರ್ 34,100. ಆತ ಬಾಗಿಲ ಪಕ್ಕ ಚೀಟಿ ಅಂಟಿಸಿ ‘ಮುಂದೆ 44,100’ ಅಂತ ಬರೆದ.

ಈಗ ಜೂನ್, ಮೀಟರ್ 35,600. ಮೊನ್ನೆ ಕೀ ತಿರುಗಿಸಿದ್ರೆ ಸ್ಪ್ಯಾನರ್ ಗುರುತು ಮಿಣಮಿಣ ಅಂತು. ಅದೇ ವಾರ ಕಂಪನಿಯಿಂದ ಫೋನು, ‘ಸರ್, ನಿಮ್ಮ ಸರ್ವೀಸ್ ಡ್ಯೂ ಇದೆ’. ಚೀಟಿ ನೋಡಿದ್ರೆ ಇನ್ನೂ ಎಂಟೂವರೆ ಸಾವಿರ ಬಾಕಿ ಅಂತೈತೆ. ‘ಕಾರೇ ಬಾಯಿಬಿಟ್ಟು ಹೇಳ್ತೈತಲ್ಲೋ, ಎಣ್ಣೆ ಕೆಟ್ಟೈತೆ ಅಂತ. ಆ ಮೆಕ್ಯಾನಿಕ್ ಹಳೇದೇ ಸುರಿದಿರ್ಬೇಕು’ ಅಂತ ಅಪ್ಪಾಜಿ ಶುರು ಹಚ್ಕೊಂಡಾರೆ. ಮಾವ ಬೇರೆ, ‘ಒಂದು ಬಟನ್ ಒತ್ತಿ ಹಿಡ್ಕೊಂಡ್ರೆ ಲೈಟ್ ಆರ್ತದೆ, ಮುಗೀತು’ ಅಂತಾರೆ.

ನನ್ನ ಪ್ರಶ್ನೆ ಇಷ್ಟೇ. ಈ ಲೈಟು ಆಯಿಲ್ ನೋಡಿ ಹೇಳ್ತದಾ, ಇಲ್ಲ ಕ್ಯಾಲೆಂಡರ್ ನೋಡಿ ಹೇಳ್ತದಾ? ಮೆಕ್ಯಾನಿಕ್ ಮೇಲೆ ಸುಮ್ನೆ ಅನುಮಾನ ಪಡೋಕೆ ಮನಸ್ಸಿಲ್ಲ. ದಿನಾ ಮುಖ ನೋಡೋ ಮನುಷ್ಯ.

ದುರ್ಗದ ಸ್ಟೇರಿಂಗ್, ಚಿತ್ರದುರ್ಗ:

ಲೈಟ್ ನಂಬ್ಕೊಂಡು ಕೂತವರ ಕಥೆ ಹೇಳ್ತೀನಿ ಕೇಳಣ್ಣ. ನಮ್ಮ ಷಡ್ಡಕಂದು ಬಿಎಸ್6 ಡೀಸೆಲ್ ಗಾಡಿ. ದುರ್ಗದೊಳಗೇ ಸ್ಕೂಲು, ಮಾರ್ಕೆಟ್ಟು, ಮನೆ. ಸರ್ವೀಸ್‌ಗೆ ಇನ್ನೂ ನಾಲ್ಕು ಸಾವಿರ ಕಿಲೋಮೀಟರ್ ಐತೆ ಅಂತ ಮೀಟರ್ ತೋರಿಸ್ತಿತ್ತು. ಒಂದಿನ ಸುಮ್ನೆ ಆಯಿಲ್ ಮಟ್ಟ ನೋಡೋ ಡಿಪ್‌ಸ್ಟಿಕ್ ಎಳೆದು ನೋಡ್ತೀನಿ, ಆಯಿಲ್ ಕಮ್ಮಿಯಾಗೋದಿರ್ಲಿ, ಮೇಲಿನ ಗೀಟು ದಾಟಿ ಒಂದು ಬೆರಳು ಮೇಲಕ್ಕೆ ಬಂದೈತೆ! ಮೂಗಿಗೆ ಹಿಡಿದ್ರೆ ಡೀಸೆಲ್ ವಾಸನೆ. ಸೈಲೆನ್ಸರ್ ಲೈನಿನಾಗೆ ಮಸಿ ಹಿಡಿಯೋ ಫಿಲ್ಟರ್ ಇರ್ತೈತೆ, ಡಿಪಿಎಫ್ ಅಂತ. ಅದ್ರಾಗೆ ಕೂತ ಮಸಿ ಸುಡೋಕೆ ಇಂಜಿನ್ ಜಾಸ್ತಿ ಡೀಸೆಲ್ ಬಿಡ್ತೈತೆ. ಸುಟ್ಟು ಮುಗಿಯೋದ್ರೊಳಗೆ ಇವ್ನು ಮನೆ ಮುಂದೆ ಆಫ್ ಮಾಡ್ತಾನೆ. ಉಳಿದ ಡೀಸೆಲ್ ಆಯಿಲ್‌ಗೆ ಇಳೀತೈತೆ. ಡ್ರೇನ್ ನಟ್ ಬಿಚ್ಚಿದ್ರೆ ನೀರಿನಂಗೆ ಸುರೀತು.

ನಾನು ಬೆಂಗಳೂರು ಟ್ರಿಪ್ ಹೊಡೆಯೋನು, ನನ್ನ ಗಾಡಿಗೆ ಈ ರೋಗ ಬಂದಿಲ್ಲ. ವಾರಕ್ಕೊಂದ್ಸಲ ಸ್ಟಿಕ್ ಎಳೀತೀನಿ, ಅಷ್ಟೇ.

ಗ್ರೀಸ್ ಕೈ, ದಾವಣಗೆರೆ:

ತಮ್ಮಾ, ಮೊದ್ಲು ನಿಮ್ಮ ಮೆಕ್ಯಾನಿಕ್‌ನ ಬಿಡುಗಡೆ ಮಾಡ್ತೀನಿ. ನಾನೂ ಇದೇ ಕಸುಬಿನೋನು, ಇಪ್ಪತ್ತೆರಡು ವರ್ಷ ಆತು.

ನಮ್ಮ ಕಡೆ ಓಡಾಡೋ ಸಾಮಾನ್ಯ ಗಾಡಿಗಳ ಸ್ಪ್ಯಾನರ್ ಲೈಟ್ ಅಂದ್ರೆ ಒಂದು ಲೆಕ್ಕದ ಪುಸ್ತಕ. ಕೊನೇ ಸಲ ಸೊನ್ನೆ ಮಾಡಿದ ದಿನದಿಂದ ಕಿಲೋಮೀಟರ್ ಎಣಿಸ್ತದೆ, ದಿನ ಎಣಿಸ್ತದೆ. ಬಹಳ ಗಾಡಿಗೆ 10,000 ಕಿಲೋಮೀಟರ್ ಇಲ್ಲಾ ಒಂದು ವರ್ಷ, ಯಾವ್ದು ಮೊದ್ಲೋ ಅದು. ನಿಮ್ಮ ಗಾಡಿದು ಎಷ್ಟು ಅಂತ ಅದರ ಪುಸ್ತಕದಾಗೆ ನೋಡು. ಕಂಪನಿಯವರು 2024ರ ಜೂನ್‌ನಲ್ಲಿ ಸೊನ್ನೆ ಮಾಡಿದ್ರು. ನಿಮ್ಮ ಮೆಕ್ಯಾನಿಕ್ ಜನವರಿಯಲ್ಲಿ ಆಯಿಲ್ ಬದಲಿಸಿದ, ಲೆಕ್ಕ ಸೊನ್ನೆ ಮಾಡೋದು ಮರೆತ. ಅದಕ್ಕೆ ಹಳೇ ಲೆಕ್ಕವೇ ಮುಂದುವರಿದು ವರ್ಷ ತುಂಬಿದ ಕೂಡ್ಲೇ ಲೈಟ್ ಬಂತು. ಕಂಪನಿ ಫೋನೂ ಅಷ್ಟೇ, ಅವರ ಕಂಪ್ಯೂಟರ್‌ನಲ್ಲಿ ಇರೋದು ಅವರು ಮಾಡಿದ ಸರ್ವೀಸ್ ಮಾತ್ರ. ಓಣಿಯಲ್ಲಿ ಹಾಕಿಸಿದ್ದು ಅವರಿಗೆ ಹೆಂಗೆ ಗೊತ್ತಾಗ್ಬೇಕು?

ಇದಕ್ಕಿಂತ ಜಾಣ ವ್ಯವಸ್ಥೆನೂ ಅದಾವೆ. ಅಮೆರಿಕದ ಜನರಲ್ ಮೋಟರ್ಸ್‌ನವರು 1980ರ ದಶಕದ ಕೊನೆಯಲ್ಲೇ ತಂದಿದ್ರು. ಇಂಜಿನ್ ಎಷ್ಟು ಸುತ್ತು ತಿರುಗ್ತು, ಎಷ್ಟು ಬಿಸಿಯಾತು ಅಂತ ಲೆಕ್ಕ ಹಾಕಿ, ಆಯಿಲ್ ಆಯಸ್ಸು ಇನ್ನು ಇಷ್ಟು ಪರ್ಸೆಂಟ್ ಅಂತ ತೋರಿಸ್ತದೆ. ಅದೂ ಆಯಿಲ್ ರುಚಿ ನೋಡಿ ಹೇಳೋದಲ್ಲ. ಹಳೇ ಆಯಿಲ್ ಹಂಗೇ ಬಿಟ್ಟು ರೀಸೆಟ್ ಒತ್ತು, ನೂರು ಪರ್ಸೆಂಟ್ ತೋರಿಸ್ತದೆ! ನಿಮ್ಮ ಮಾವ ಹೇಳಿದ್ದೂ ಅದೇ ಕೆಲಸ. ನಿಮ್ಮ ವಿಷಯದಾಗೆ ಮಾತ್ರ ತಪ್ಪಿಲ್ಲ, ಆಯಿಲ್ ಹೊಸದೇ ಐತಲ್ಲ.

ಆದ್ರೆ ಆ 44,100ರ ಚೀಟಿ ಕಿತ್ತು ಬಿಸಾಕು. ವರ್ಷಕ್ಕೆ ನಾಲ್ಕು ಸಾವಿರದ ಚಿಲ್ಲರೆ ಓಡೋ ಗಾಡಿ ಹತ್ತು ಸಾವಿರ ಮುಟ್ಟೋಕೆ ಎರಡು ವರ್ಷದ ಮೇಲೆ ಬೇಕು. ಅಲ್ಲೀತನ ಕಾಯಬಾರದು. ಜನವರಿಗೆ ವರ್ಷ ತುಂಬ್ತದೆ, ತಡ ಅಂದ್ರೂ ಅವಾಗ ಹಾಕ್ಸು. ಮೂರು ಕಿಲೋಮೀಟರ್‌ಗೆ ಇಂಜಿನ್ ಸರಿಯಾಗಿ ಬಿಸಿಯಾಗೋದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೋಗಲ್ಲ, ಸುಡದೇ ಉಳಿದ ಪೆಟ್ರೋಲೂ ಆಯಿಲ್‌ಗೆ ಸೇರ್ತದೆ. ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಅಡಿ ನೋಡು, ಬೆಣ್ಣೆ ಹಂಗೆ ಬೆಳ್ಳಗೆ ಮೆತ್ತಿದ್ರೆ ಅದೇ ತೇವ. ಬೆಣ್ಣೆ ದೋಸೆ ಮೇಲಿರ್ಲಿ, ಇಂಜಿನ್‌ನಾಗೆ ಬ್ಯಾಡ. ಇಂಜಿನ್ ತಣ್ಣಗಿಡೋ ಕೂಲಂಟ್ ಕಮ್ಮಿಯಾಗ್ತಾ ಇದ್ರೆ ಮಾತ್ರ ಬೇರೆ ಕಥೆ, ಅದು ಆಯಿಲ್‌ಗೆ ಸೇರ್ತಿರ್ಬಹುದು, ಹೆಡ್ ಗ್ಯಾಸ್ಕೆಟ್ ನೋಡಿಸ್ಬೇಕು. ಧೂಳು, ಹತ್ತಿರದ ಓಡಾಟ, ನಿಂತಲ್ಲೇ ಇಂಜಿನ್ ಓಡಿಸೋದು, ಇಂಥವಕ್ಕೆ ಬಹಳ ಗಾಡಿಗಳ ಪುಸ್ತಕದಾಗೆ ಬೇರೆ ಲೆಕ್ಕನೇ ಕೊಟ್ಟಿರ್ತಾರೆ. ಆ ಪುಟ ಯಾರೂ ತೆಗೆದೇ ನೋಡಲ್ಲ.

ಇನ್ನೊಂದು ಮಾತು, ಅಪ್ಪಾಜಿಗೂ ಹೇಳು. ಸ್ಪ್ಯಾನರ್ ಬೇರೆ, ಕೆಂಪು ಗಿಂಡಿ ಬೇರೆ. ಆಯಿಲ್ ಗಿಂಡಿ ಗುರುತು ಕೆಂಪಗೆ ಹತ್ತಿದ್ರೆ ಆಯಿಲ್ ಪ್ರೆಶರ್ ಬಿದ್ದೈತೆ ಅಂತ. ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡೋದೊಂದೇ ದಾರಿ. ಒಬ್ಬ ಗಿರಾಕಿ ಹಿರಿಯೂರು ಕಡೆಯಿಂದ ಬರ್ತಾ ಕಲ್ಲಿಗೆ ಇಂಜಿನ್ ಅಡಿಯ ಆಯಿಲ್ ಚೇಂಬರ್ ಒಡೆಸ್ಕೊಂಡ. ಕೆಂಪು ಲೈಟ್ ಬಂದೈತೆ, ‘ಹೆಂಗೂ ಮುಂದಿನ ತಿಂಗಳು ಸರ್ವೀಸ್ ಐತಲ್ಲ’ ಅಂತ ಹಂಗೇ ಹೊಡ್ಕೊಂಡು ಬಂದಾನೆ. ಟೋಯಿಂಗ್‌ನಾಗೆ ನನ್ನ ಶೆಡ್ಡಿಗೆ ಬಂದಾಗ ಬೇರಿಂಗ್ ತಿಂದು ಕ್ರ್ಯಾಂಕ್‌ಗೇ ಹೊಡೆದಿತ್ತು. ಬಿಲ್ ಎಷ್ಟಾತು ಅಂತ ಇಲ್ಲಿ ಬರೆಯಲ್ಲ, ಆತ ಓದಿದ್ರೆ ಮತ್ತೆ ಅಳ್ತಾನೆ.

ಹರಿಹರ ರೋಡ್:

ಇಷ್ಟೆಲ್ಲಾ ಪುರಾಣ ಯಾಕ್ರಿ? ಸ್ಟಿಕ್ ಎಳೀರಿ, ಕಪ್ಪಗಿದ್ರೆ ಬದಲಿಸ್ರಿ. ನಮ್ಮಪ್ಪನ ಅಂಬಾಸಿಡರ್‌ಗೆ ಈ ಸ್ಪ್ಯಾನರ್ ಲೈಟ್ ಎಲ್ಲಿತ್ತು?

ಗ್ರೀಸ್ ಕೈ, ದಾವಣಗೆರೆ:

ಅಣ್ಣಾರೆ, ಡೀಸೆಲ್ ಗಾಡಿಗೆ ಹೊಸ ಆಯಿಲ್ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಗಾಗ್ತದೆ. ಮಸಿ ಇಂಜಿನ್‌ಗೆ ಅಂಟದಂಗೆ ತನ್ನೊಳಗೆ ಹಿಡ್ಕೊಳ್ಳೋದೇ ಆಯಿಲ್ ಕೆಲಸ. ಬಣ್ಣ ನೋಡಿ ಬದಲಿಸ್ತೀನಿ ಅಂದ್ರೆ ವಾರಕ್ಕೊಂದು ಕ್ಯಾನ್ ಬೇಕು. ನನ್ನ ವ್ಯಾಪಾರಕ್ಕೇನೋ ಒಳ್ಳೇದೇ. ಸ್ಟಿಕ್ ಎಳೀಬೇಕು, ಅದು ಮಟ್ಟ ನೋಡೋಕೆ.

ಭಟ್ಟಿ ಹುಡುಗ, ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಸಮತಟ್ಟು ಜಾಗದಾಗೆ ಗಾಡಿ ನಿಲ್ಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಿಕ್ ಎಳೆದೆ. ಒಂದ್ಸಲ ಒರೆಸಿ ಮತ್ತೆ ಅದ್ದಿ ತೆಗೆದ್ರೆ ಎರಡು ಗೀಟಿನ ನಡುವೆ, ಸ್ವಲ್ಪ ಮೇಲಕ್ಕೇ ಐತೆ. ಮುಚ್ಚಳದಡಿ ತೆಳ್ಳಗೆ ಬೆಣ್ಣೆ ಇತ್ತು. ಕೂಲಂಟ್ ಗೀಟಿನ ಮಟ್ಟಕ್ಕೇ ಐತೆ. ಅಪ್ಪಾಜಿ ಬೆರಳಲ್ಲಿ ಮುಟ್ಟಿ ನೋಡಿ, ಏನೂ ಮಾತಾಡ್ಲಿಲ್ಲ. ಇನ್ಮೇಲೆ ಭಾನುವಾರ ಹರಿಹರದ ತನಕನಾದ್ರೂ ಒಂದು ರೌಂಡ್ ಹೋಗಿ ಬರೋದು ಅಂತ ಮಾತಾಗೈತೆ.

ಮೆಕ್ಯಾನಿಕ್ ಹತ್ರ ಹೋಗಿ ಲೆಕ್ಕ ಸೊನ್ನೆ ಮಾಡ್ಸಿದೆ. ಆತನೇ, ‘ಅಯ್ಯೋ, ಅವತ್ತೇ ಮಾಡ್ಬೇಕಿತ್ತು’ ಅಂದ. ಈಗ ಗಾಡಿ ಮತ್ತೆ ಮುಂದಿನ ಜೂನ್‌ಗೆ ಹೇಳ್ತದೆ, ನಾವು ಹಾಕಿಸ್ಬೇಕಿರೋದು ಜನವರಿಗೆ. ಅದಕ್ಕೆ ಅಪ್ಪಾಜಿ ಮಂಡಕ್ಕಿ ಚೀಲದ ಲೆಕ್ಕ ಬರೆಯೋ ಪುಸ್ತಕದ ಕೊನೇ ಹಾಳೆಯಲ್ಲಿ ತಾವೇ ಬರ್ಕೊಂಡ್ರು: ‘ಕಾರ್ ಎಣ್ಣೆ, ಸಂಕ್ರಾಂತಿ’.

ಕಂಪನಿ ಫೋನ್ ಮಾತ್ರ ನಿಂತಿಲ್ಲ. ನಿನ್ನೆನೂ ಬಂದಿತ್ತು. ಅಪ್ಪಾಜಿ ಎತ್ತಿ, ‘ಸಂಕ್ರಾಂತಿಗೆ ಬಾರಮ್ಮ, ಎಳ್ಳು ಬೆಲ್ಲ ಕೊಡ್ತೀವಿ’ ಅಂದು ಇಟ್ಟುಬಿಟ್ರು.