ಆಟದ ಸಿನಿಮಾದಲ್ಲಿ ನಿಮ್ಮನ್ನು ನಿಜವಾಗಿ ಬೆಚ್ಚಿ ಬೀಳಿಸಿದ ತಿರುವು ಯಾವುದು?

ಬಿಜೈ_ಬ್ಯಾಟರ್:
ಮೊದಲೇ ಹೇಳ್ತೇನೆ, ಕಥೆಯ ಗುಟ್ಟು ಉಂಟು, ನೋಡದವರು ಮುಂದೆ ಓದಬೇಡಿ. ಭಾನುವಾರ ಮನೆಯಲ್ಲಿ ಅಪ್ಪನ ಜೊತೆ 2019ರ ತೆಲುಗು 'ಜೆರ್ಸಿ' ನೋಡಿದೆ. 36 ವರ್ಷಕ್ಕೆ ಮತ್ತೆ ಬ್ಯಾಟ್ ಹಿಡಿಯುವ ಅರ್ಜುನ್ ಕಥೆ. ಹತ್ತು ವರ್ಷ ಹಿಂದೆ ಆಯ್ಕೆ ಆಗಲಿಲ್ಲ ಅಂತ ಬೇಸರದಿಂದ ಆಟ ಬಿಟ್ಟ ಅಂತಲೇ ನಾವು ಕೊನೇವರೆಗೆ ನಂಬಿರುತ್ತೇವೆ. ಅವನಿಗೆ ಹೃದಯದ ಬಡಿತ ತಪ್ಪುವ ಕಾಯಿಲೆ ಇತ್ತು, ಆಡಿದರೆ ಜೀವಕ್ಕೇ ಅಪಾಯ ಅಂತ ಗೊತ್ತಿತ್ತು, ಗೊತ್ತಿದ್ದೇ ಮಗನಿಗೋಸ್ಕರ ಮತ್ತೆ ಆಡಿದ ಅಂತ ತಿಳಿಯುವುದು ಕೊನೆಗೆ. ಅಪ್ಪ ಒಂದು ಕಾಲದಲ್ಲಿ ಊರಿನ ಅಂಡರ್ ಆರ್ಮ್ ಟೂರ್ನಮೆಂಟ್ ಒಂದೂ ಬಿಟ್ಟವರಲ್ಲ. ಕನ್ನಡಕ ತೆಗೆದು ಲುಂಗಿಯ ತುದಿಯಲ್ಲಿ ಒರೆಸಿದರು. ಏನೂ ಮಾತಾಡದೆ ಹೋಗಿ ಗೇಟಿಗೆ ಬೀಗ ಹಾಕಿ ಬಂದರು. ಇಂಥ ಸಿನಿಮಾ ಇನ್ನೂ ಯಾವುದುಂಟು?

ಮಣಿಪಾಲ_ಮಳೆ:
'ಮಿಲಿಯನ್ ಡಾಲರ್ ಬೇಬಿ', 2004. ಬಡ ಹುಡುಗಿ ಬಾಕ್ಸಿಂಗ್ ಕಲಿತು ಗೆಲ್ಲುವ ಕಥೆ ಅಂತ ಕೂತಿದ್ದೆ. ಚಾಂಪಿಯನ್ ಜೊತೆ ಪಂದ್ಯ, ರೌಂಡ್ ಮುಗಿದ ಗಂಟೆ ಹೊಡೆದಾಗಿದೆ, ಆಗ ಎದುರಾಳಿ ಮೋಸದಿಂದ ಹೊಡೆಯುತ್ತಾಳೆ. ಇವಳು ಬೀಳುವುದು ಮೂಲೆಯಲ್ಲಿಟ್ಟ ಸ್ಟೂಲ್ ಮೇಲೆ, ಕುತ್ತಿಗೆ ಮುರಿಯುತ್ತದೆ. ಅವಳು ಕೂತು ಸುಧಾರಿಸಿಕೊಳ್ಳಲಿ ಅಂತ ಇಟ್ಟ ಸ್ಟೂಲ್ ಅದು! ಅಲ್ಲಿಂದ ಮುಂದೆ ಅದು ಬಾಕ್ಸಿಂಗ್ ಸಿನಿಮಾನೇ ಅಲ್ಲ. ಉಳಿದದ್ದು ಹೇಳುವುದಿಲ್ಲ, ನೋಡಿ. ಆದರೆ ರಾತ್ರಿ ಒಬ್ಬರೇ ಕೂತು ನೋಡಬೇಡಿ.

ಕಾಪು_ದೀಪ:
ನನಗೆ 'ಲಗಾನ್', ತೆರಿಗೆ ಮನ್ನಾಕ್ಕೋಸ್ಕರ ಊರಿನವರು ಬ್ರಿಟಿಷರ ಎದುರು ಕ್ರಿಕೆಟ್ ಆಡುವ ಕಥೆ. ಎಲ್ಲರೂ ಕೊನೆಯ ನೋಬಾಲ್ ಬಗ್ಗೆಯೇ ಹೇಳ್ತಾರೆ. ಊರಿನ ತಂಡದ ಕಚ್ರಾ ಒಂದೇ ರನ್ ತೆಗೆದು ಸೋತೆವು ಅಂದುಕೊಳ್ಳುವಾಗ ಅಂಪೈರ್ ಕೈ ಚಾಚುತ್ತಾನೆ, ರೋಮಾಂಚನ ಆಗುವುದು ಹೌದು. ಆದರೆ ಅದು ಅದೃಷ್ಟ ಮಾರಾಯ್ರೆ, ತಿರುವು ಅಲ್ಲ. ತಿರುವು ಅಂದ್ರೆ ಲಾಖಾ. ಹೊಟ್ಟೆಕಿಚ್ಚಿನಿಂದ ಬ್ರಿಟಿಷರ ಕಡೆ ಸೇರಿದವನನ್ನು ಊರಿನವರು ಹೊಡೆಯಲು ಬರುವಾಗ ತಂಡದ ನಾಯಕ ಭುವನ್ ಇನ್ನೊಂದು ಅವಕಾಶ ಕೊಡುತ್ತಾನೆ, ಮರುದಿನ ಅದೇ ಲಾಖಾ ಒಂದು ಕೈಯಲ್ಲಿ ಕ್ಯಾಚ್ ಹಿಡಿಯುತ್ತಾನೆ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ.

ಮಣಿಪಾಲ_ಮಳೆ:
ಒಪ್ಪಿದೆ. ತಿರುವಿನ ಕಾರಣ ಮೊದಲೇ ನಮ್ಮ ಕಣ್ಣೆದುರು ಇರಬೇಕು, ನಾವು ಗಮನಿಸಿರಬಾರದು. 1976ರ 'ರಾಕಿ'ಯಲ್ಲೂ ಹಾಗೇ. ಬಾಕ್ಸರ್ ರಾಕಿ, ಗೆಲ್ಲುವುದು ಆಗ್ಲಿಕ್ಕಿಲ್ಲ, 15 ರೌಂಡ್ ಪೂರ್ತಿ ನಿಂತರೆ ಸಾಕು ಅಂತ ಹಿಂದಿನ ರಾತ್ರಿಯೇ ಹೇಳಿರುತ್ತಾನೆ. ನಾವು ಸುಮ್ನೆ ಗೆಲುವಿಗೆ ಕಾಯುತ್ತೇವೆ. ಅವನು ಸೋಲುತ್ತಾನೆ, ತೀರ್ಪು ಓದುವಾಗ ಅವನಿಗೆ ಅದರ ಪರಿವೆಯೇ ಇರುವುದಿಲ್ಲ, ತಾನು ಪ್ರೀತಿಸಿದ ಏಡ್ರಿಯನ್‌ಳ ಹೆಸರು ಕೂಗುತ್ತಾ ಇರುತ್ತಾನೆ.

ಗದ್ದೆ_ಬದಿ:
ನಮ್ಮ ಕಂಬಳದ ಮೇಲೆ ಇಂಥದೊಂದು ಒಳ್ಳೆ ಸಿನಿಮಾ ಬರಬೇಕು ಅಂತ ನನಗೆ ತುಂಬಾ ಆಸೆ. ಅದರಲ್ಲಿ ಕನೆಹಲಗೆ ಅಂತ ಒಂದು ವಿಭಾಗ ಉಂಟು, ಕೋಣಗಳು ಎಳೆಯುವ ಹಲಗೆ ಮೇಲೆ ಒಬ್ಬ ನಿಂತು ಓಡಿಸುವುದು, ಅದನ್ನೇ ನೋಡಿ. ಹೊರಗಿನವರು ಮುಂದೆ ಓಡಿದ ಕೋಣವೇ ಗೆದ್ದಿತು ಅಂದುಕೊಳ್ಳುತ್ತಾರೆ. ಅಲ್ಲಿ ಲೆಕ್ಕ ನೀರಿನದ್ದು. ಹಲಗೆ ಮೇಲೆ ನಿಂತವನ ಕಾಲಡಿಯಿಂದ ಚಿಮ್ಮಿದ ನೀರು 6.5 ಕೋಲು, 7.5 ಕೋಲು (ಕೋಲು ಅಂದ್ರೆ ಹಳೇ ಅಳತೆ) ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಬೇಕು. ಎಲ್ಲರೂ ಕೋಣ ನೋಡುವಾಗ ಕ್ಯಾಮೆರಾ ಮೇಲಿನ ಬಟ್ಟೆ ಒದ್ದೆ ಆದದ್ದನ್ನು ತೋರಿಸಿದರೆ ಹೇಗಿರಬಹುದು?

ಬಿಜೈ_ಬ್ಯಾಟರ್:
ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಆ ಸಿನಿಮಾ ಬಂದರೆ ಮೊದಲ ದಿನವೇ ಹೋಗುವ" ಅಂದರು. ಈ ವಾರಕ್ಕೆ 'ರಾಕಿ' ಹಾಕ್ತೇನೆ. ಸ್ಟೂಲಿನ ಸಿನಿಮಾ ಅಪ್ಪನಿಗೆ ಈಗಲೇ ಬೇಡ.