ಚರ್ಚಿನ ಭಾನುವಾರದ ಬಲಿಪೂಜೆ (ಮಾಸ್) ತಪ್ಪಿಸಬಹುದಾ?

ಪ್ರಶ್ನೆ: ಮೈಸೂರಿನ ಬನ್ನಿಮಂಟಪದಲ್ಲಿದ್ದೇನೆ. ಕೆಳಗಿನ ಮನೆ ಅಜ್ಜಿಗೆ ಸೊಂಟ ಮುರಿದಿದೆ. ಮಗ ದುಬೈನಲ್ಲಿದ್ದಾನೆ. ಭಾನುವಾರ ನರ್ಸ್‌ಗೆ ರಜೆ. ಅಜ್ಜಿಯನ್ನು ಮಗ್ಗುಲು ತಿರುಗಿಸಿ, ಬೆನ್ನು ಒರೆಸಿ, ರಾಗಿ ಗಂಜಿ ಕುಡಿಸುವುದು ನಾನೇ. ಅಷ್ಟರಲ್ಲಿ ಫಿಲೋಮಿನಾ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದಿರುತ್ತದೆ. ಮನಸ್ಸು ಕೊರೆಯುತ್ತದೆ.

ಉತ್ತರ: ಶನಿವಾರ ಸಂಜೆಯ ಪೂಜೆಗೆ ಹೋಗಿ ಅಕ್ಕ. ಅದೂ ಭಾನುವಾರದ ಲೆಕ್ಕಕ್ಕೇ ಬರುತ್ತದೆ.

ಇನ್ನೊಬ್ಬರು: ರೋಗಿಯನ್ನು ನೋಡಿಕೊಳ್ಳುವವರಿಗೆ ಧರ್ಮಸಭೆಯೇ (ಕ್ಯಾಥೊಲಿಕ್ ಚರ್ಚೇ) ವಿನಾಯಿತಿ ಕೊಟ್ಟಿದೆ. ಬೈಬಲಿನಲ್ಲಿ ಲೂಕ 10ನೇ ಅಧ್ಯಾಯ ನೋಡಿ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನನ್ನು ಕಂಡೂ ಯಾಜಕ, ಲೇವಿಯ (ದೇವಾಲಯದ ಸೇವಕ) ಇಬ್ಬರೂ ಸುಮ್ನೆ ದಾಟಿಹೋದರು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದವನು ಸಮಾರ್ಯದವನು. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಅವನು ಬೇರೆ ಜನದವನು, ಅಲ್ವಾ?

ಪ್ರಶ್ನೆ ಕೇಳಿದವರು: ಹೌದು. ಅಜ್ಜಿಯೂ ನಂಜುಂಡೇಶ್ವರನ ಒಕ್ಕಲು. ಶನಿವಾರ ನರ್ಸ್ ಇರುತ್ತಾರೆ, ಸಂಜೆ ಹೋಗುತ್ತೇನೆ.